ಮೋಡೆಮ್ ಅಷ್ಟೊಂದು ಕಿರುಚುತ್ತಿದ್ದುದು ಯಾಕೆ?

1997ರ ಒಂದು ರಾತ್ರಿ, ರಾಜಾಜಿನಗರದ ನಮ್ಮ ಮನೆಯ ಕಂಪ್ಯೂಟರ್ ಜಯನಗರದಲ್ಲಿದ್ದ ಗೆಳೆಯನ ಕಂಪ್ಯೂಟರಿಗೆ ಫೋನ್ ಮಾಡಿತು. ಇಬ್ಬರ ಮನೆಯಲ್ಲೂ ಇಂಟರ್ನೆಟ್ ಇರಲಿಲ್ಲ. ಇದ್ದದ್ದು ತಲಾ ಒಂದು ಕಂಪ್ಯೂಟರ್, ಅದನ್ನು ಫೋನ್ ಲೈನಿಗೆ ಸೇರಿಸುವ ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ, ಒಂದು ಫೋನ್ ಲೈನ್, ಅಷ್ಟೇ. ವಿಂಡೋಸ್ 95ರ ಜೊತೆಗೇ ಬರುತ್ತಿದ್ದ ಹೈಪರ್‌ಟರ್ಮಿನಲ್ ಎಂಬ ಪ್ರೋಗ್ರಾಂ ತೆರೆದು ‘ಎಟಿಡಿಟಿ’ ಎಂದು ಟೈಪ್ ಮಾಡಿ, ಮುಂದೆ ಅವರ ಮನೆ ನಂಬರ್ ಹಾಕಿ ಎಂಟರ್ ಒತ್ತಿದೆ. ಅವನ ತೆರೆಯ ಮೇಲೆ ‘ರಿಂಗ್’ ಎಂದು ಮೂಡಿತು. ಅವನು ‘ಎಟಿಎ’ ಎಂದು ಒತ್ತಿದ. ಅಂದರೆ ‘ಫೋನ್ ಎತ್ತು’ ಅಂತ. ಎರಡೂ ಮೋಡೆಮ್‌ಗಳು ಕಿರುಚಿದವು, ಬುಸುಗುಟ್ಟಿದವು, ಆಮೇಲೆ ಒಮ್ಮೆಗೇ ಸುಮ್ಮನಾದವು. ತೆರೆಯ ಮೇಲೆ ‘ಕನೆಕ್ಟ್ 26400’ ಎಂದು ಬಂತು.

ನಾನು ಇಂಗ್ಲಿಷ್ ಅಕ್ಷರಗಳಲ್ಲಿ ‘ಊಟ ಆಯ್ತಾ’ ಎಂದು ಒತ್ತತೊಡಗಿದೆ. ಒಂದೊಂದು ಕೀ ಒತ್ತಿದಾಗಲೂ ಮೋಡೆಮ್‌ನ ಮುಂದಿದ್ದ ಪುಟ್ಟ ಕೆಂಪು ದೀಪ ಒಮ್ಮೆ ಮಿಣುಕುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅದರ ಪಕ್ಕದ ದೀಪ ಮಿಣುಕಿತು. ತೆರೆಯ ಮೇಲೆ ಒಂದೊಂದೇ ಅಕ್ಷರವಾಗಿ ‘ಆಯ್ತು’ ಎಂದು ಬಂತು. ಊರಿನ ಆ ಕಡೆ ಅವನು ಒತ್ತಿದ ಕೀ ಇಲ್ಲಿ ನನ್ನ ಕಣ್ಣೆದುರು ಅಕ್ಷರವಾಗುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಕಾಲದವರಿಗೆ ಮೋಡೆಮ್ ಅಂದರೆ ಮೊದಲು ನೆನಪಾಗುವುದು ಆ ಸದ್ದು. ಅದನ್ನು ಗಲಾಟೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಆದರೆ ಅದರ ಒಂದೊಂದು ತುಣುಕಿಗೂ ಒಂದೊಂದು ಕೆಲಸವಿತ್ತು. ಅದು ಏನು ಅಂತ ತಿಳಿಯಬೇಕಾದರೆ ಮೊದಲು ಫೋನ್ ಲೈನನ್ನೇ ಸ್ವಲ್ಪ ನೋಡಬೇಕು.

ನಮ್ಮ ಹಾಲ್‌ನಲ್ಲಿದ್ದ ಫೋನ್ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ಕಾರ್ಖಾನೆಯದ್ದು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರಾಯಿತು. ಫೋನ್, ಎಕ್ಸ್‌ಚೇಂಜ್ (ಒಬ್ಬರ ಲೈನನ್ನು ಇನ್ನೊಬ್ಬರದಕ್ಕೆ ಜೋಡಿಸುವ ಕೇಂದ್ರ), ತಂತಿ ಎಲ್ಲವನ್ನೂ ಒಂದೇ ಕೆಲಸಕ್ಕೆಂದು ಮಾಡಿದ್ದರು: ಮನುಷ್ಯರ ಮಾತು ಸಾಗಿಸುವುದಕ್ಕೆ. ನಮ್ಮ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಸದ್ದು ಕೇಳುತ್ತದೆ. ಕಂಪನದ ಈ ಎಣಿಕೆಗೇ ಹರ್ಟ್ಸ್ ಅನ್ನುವುದು. ಮಾತು ಅರ್ಥವಾಗಲು ಅಷ್ಟೆಲ್ಲ ಬೇಕಿಲ್ಲ. 300ರಿಂದ 3400 ಹರ್ಟ್ಸ್ ಇದ್ದರೆ ಸಾಕು, ಯಾರು ಮಾತಾಡುತ್ತಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ. ಹಾಗಾಗಿ ಫೋನ್ ವ್ಯವಸ್ಥೆ ಅಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಸೋಸಿಬಿಡುತ್ತಿತ್ತು. ಫೋನಿನಲ್ಲಿ ಹಾಡು ಕೇಳಿಸಿದರೆ ಡಬ್ಬದೊಳಗಿಂದ ಬಂದ ಹಾಗಿರುತ್ತಿತ್ತು, ಅಲ್ವಾ? ಕಾರಣ ಇದೇ.

ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು. ಒಂದೊಂದಕ್ಕೂ ಬಿಟ್ ಎಂದು ಹೆಸರು. ‘ಒಂದು’ ಅಂದರೆ ಕರೆಂಟ್ ಹರಿಸೋದು, ‘ಸೊನ್ನೆ’ ಅಂದರೆ ನಿಲ್ಲಿಸೋದು ಅಂತ ಮಾಡಿ ನೇರವಾಗಿ ತಂತಿಗೆ ಬಿಟ್ಟರೆ ಆಗದೇ? ಪಕ್ಕದ ಕೋಣೆಗಾದರೆ ಆಗುತ್ತದೆ. ಎಕ್ಸ್‌ಚೇಂಜ್ ದಾಟಿ ಆಚೆ ಮನೆಗೆ ಹೋಗಲು ಆಗುವುದಿಲ್ಲ. ಎಕ್ಸ್‌ಚೇಂಜ್ ಆಚೆ ದಾಟಿಸುವುದು ದನಿಯನ್ನು ಮಾತ್ರ. ಹಾಗಾದರೆ ಬಿಟ್‌ಗಳನ್ನೇ ದನಿ ಮಾಡಬೇಕು. ಆ ಕಡೆ ದನಿಯನ್ನು ಮತ್ತೆ ಬಿಟ್ ಮಾಡಬೇಕು. ಮೊದಲನೆಯ ಕೆಲಸಕ್ಕೆ ಮಾಡ್ಯುಲೇಷನ್, ಎರಡನೆಯದಕ್ಕೆ ಡಿಮಾಡ್ಯುಲೇಷನ್ ಅನ್ನುತ್ತಾರೆ. ಎರಡರ ಮೊದಲ ಚೂರುಗಳನ್ನು ಸೇರಿಸಿದರೆ ಮೋ-ಡೆಮ್.

ಅತಿ ಸರಳವಾದ ದಾರಿ ಎರಡು ಸ್ವರದ್ದು. ಅಮೆರಿಕದಲ್ಲಿ 1962ರಲ್ಲಿ ಬಂದ ಬೆಲ್ 103 ಮೋಡೆಮ್ ಹೀಗೇ ಕೆಲಸ ಮಾಡುತ್ತಿತ್ತು. ಫೋನ್ ಮಾಡಿದವನು ‘ಒಂದು’ ಹೇಳಲು 1270 ಹರ್ಟ್ಸ್ ಸಿಳ್ಳೆ ಹಾಕುತ್ತಾನೆ, ‘ಸೊನ್ನೆ’ಗೆ 1070. ಫೋನ್ ಎತ್ತಿದವನದು ಮೇಲಿನ ಸ್ಥಾಯಿ: ‘ಒಂದು’ಕ್ಕೆ 2225, ‘ಸೊನ್ನೆ’ಗೆ 2025. ಇಬ್ಬರ ಸ್ವರಗಳೂ ಬೇರೆ ಬೇರೆ ಇರುವುದರಿಂದ ಒಂದೇ ಹೊತ್ತಿಗೆ ಮಾತಾಡಿದರೂ ಗೊಂದಲವಿಲ್ಲ. ವೇಗ ಸೆಕೆಂಡಿಗೆ 300 ಬಿಟ್.

300 ಬಿಟ್ ಅಂದರೆ ಎಷ್ಟು? ನಮ್ಮ ಅಕ್ಷರವನ್ನೇ ತಗೊಳ್ಳೋಣ. ಇವತ್ತಿನ ಯೂನಿಕೋಡ್ ಬರಹದಲ್ಲಿ ‘ಕ’ ಎಂಬ ಅಕ್ಷರಕ್ಕೆ 3 ಬೈಟ್ ಬೇಕು. ಒಂದು ಬೈಟ್ ಅಂದರೆ 8 ಬಿಟ್. ಬೈಟ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಆ ಕಡೆಯವರಿಗೆ ತಿಳಿಯಲು ಮುಂದೊಂದು, ಹಿಂದೊಂದು ಬಿಟ್ ಸೇರಿಸುತ್ತಾರೆ. ಅಲ್ಲಿಗೆ 10. ಅಂದರೆ ‘ಕ’ಗೆ 30 ಬಿಟ್, ಒಂದು ಸೆಕೆಂಡಿನ ಹತ್ತನೇ ಒಂದು ಪಾಲು. ‘ಬೆಂಗಳೂರು’ ಎಂದು ಕಳಿಸಬೇಕಾದರೆ? ಬ, ಎತ್ವ, ಸೊನ್ನೆ, ಗ, ಳ, ಊ ಕೊಂಬು, ರ, ಉ ಕೊಂಬು. ಒಟ್ಟು 8 ತುಣುಕು, 24 ಬೈಟ್, 240 ಬಿಟ್. ಮುಕ್ಕಾಲು ಸೆಕೆಂಡಿಗಿಂತ ಒಂಚೂರು ಜಾಸ್ತಿ. ಬಾಯಲ್ಲಿ ‘ಬೆಂಗಳೂರು’ ಅನ್ನಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಮೊದಮೊದಲಿನ ಮೋಡೆಮ್ ಮನುಷ್ಯರು ಮಾತಾಡುವಷ್ಟೇ ವೇಗದಲ್ಲಿ ಮಾತಾಡುತ್ತಿತ್ತು ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಹಾಗಾದರೆ ಸಿಳ್ಳೆಯನ್ನು ಬೇಗ ಬೇಗ ಬದಲಿಸಿದರೆ ಮುಗಿಯಿತಲ್ಲ? ಇಲ್ಲ. 3100 ಹರ್ಟ್ಸ್‌ನಷ್ಟೇ ಅಗಲವಿರುವ ದಾರಿಯಲ್ಲಿ ಸೆಕೆಂಡಿಗೆ ಸುಮಾರು ಮೂರು ಸಾವಿರಕ್ಕಿಂತ ತುಂಬ ಜಾಸ್ತಿ ಸಲ ದನಿ ಬದಲಿಸಿದರೆ ಒಂದಕ್ಕೊಂದು ಕಲಸಿಹೋಗುತ್ತದೆ. ಬದಲಾವಣೆಯ ಸಂಖ್ಯೆ ಹೆಚ್ಚಿಸಲು ಆಗದಿದ್ದರೆ, ಒಂದೊಂದು ಬದಲಾವಣೆಯಲ್ಲೇ ಹೆಚ್ಚು ಬಿಟ್ ತುಂಬಬೇಕು. ಮೋಡೆಮ್ ಮಾಡಿದವರ ಜಾಣತನವೆಲ್ಲ ಇಲ್ಲಿದೆ.

ಒಂದು ಸ್ವರದಲ್ಲಿ ಎರಡು ಸಂಗತಿ ಬದಲಿಸಬಹುದು. ಒಂದು, ಅದರ ಜೋರು. ಇನ್ನೊಂದು, ಅಲೆ ಯಾವ ಹಂತದಲ್ಲಿದೆ ಅನ್ನುವುದು. ಎರಡು ಉಯ್ಯಾಲೆಗಳನ್ನು ನೆನೆಸಿಕೊಳ್ಳಿ. ಎರಡೂ ಒಂದೇ ವೇಗದಲ್ಲಿ ತೂಗುತ್ತಿವೆ. ಆದರೆ ಒಂದು ಮುಂದೆ ಹೋಗುವಾಗ ಇನ್ನೊಂದು ಹಿಂದೆ ಬರುತ್ತಿದೆ. ಇದೇ ಹಂತದ ವ್ಯತ್ಯಾಸ. ನಮ್ಮ ಕಿವಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಮೋಡೆಮ್‌ಗೆ ಚೆನ್ನಾಗಿ ಗೊತ್ತಾಗುತ್ತದೆ.

ಜೋರು ಮತ್ತು ಹಂತ ಎರಡನ್ನೂ ಸೇರಿಸಿ ನೆಲದ ಮೇಲೆ ಬರೆದರೆ ಸಿಗುವುದು ಚುಕ್ಕಿ ರಂಗೋಲಿ. ನಡುವಿನಿಂದ ಎಷ್ಟು ದೂರ ಅನ್ನುವುದು ಜೋರು, ಯಾವ ದಿಕ್ಕು ಅನ್ನುವುದು ಹಂತ. ಮೋಡೆಮ್ ಪ್ರತಿ ಸಲವೂ ಈ ಚುಕ್ಕಿಗಳಲ್ಲಿ ಒಂದನ್ನು ಆರಿಸಿ, ಆ ದನಿಯನ್ನು ತಂತಿಗೆ ಬಿಡುತ್ತದೆ. ಆ ಕಡೆಯ ಮೋಡೆಮ್ ‘ಇದು ಇಂಥ ಚುಕ್ಕಿ’ ಎಂದು ಗುರುತಿಸುತ್ತದೆ. 4 ಚುಕ್ಕಿ ಇದ್ದರೆ ಒಂದು ಸಲಕ್ಕೆ 2 ಬಿಟ್ ಹೇಳಿದಂತೆ. 16 ಚುಕ್ಕಿ ಇದ್ದರೆ 4 ಬಿಟ್. 2400 ಬಿಟ್ ವೇಗದ ಮೋಡೆಮ್ ನಿಜಕ್ಕೂ ದನಿ ಬದಲಿಸುತ್ತಿದ್ದದ್ದು ಸೆಕೆಂಡಿಗೆ 600 ಸಲ ಮಾತ್ರ, 16 ಚುಕ್ಕಿಯ ರಂಗೋಲಿಯಲ್ಲಿ. 33,600 ಬಿಟ್‌ನ ಮೋಡೆಮ್ ಸೆಕೆಂಡಿಗೆ 3429 ಸಲ ಬದಲಿಸುತ್ತಿತ್ತು, ಅದರ ರಂಗೋಲಿಯಲ್ಲಿ ಸಾವಿರಕ್ಕೂ ಜಾಸ್ತಿ ಚುಕ್ಕಿಗಳು.

ಅಂಗಳ ಮಾತ್ರ ಅಷ್ಟೇ ಇರುತ್ತದೆ. ಚುಕ್ಕಿ ಹೆಚ್ಚಾದಷ್ಟೂ ಒಂದರ ಪಕ್ಕ ಒಂದು ಒತ್ತಿಕೊಳ್ಳುತ್ತವೆ. ಅಮ್ಮ ಬೆಳಿಗ್ಗೆ ಬಾಗಿಲಿಗೆ ಹಾಕಿದ ರಂಗೋಲಿಯ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಏನಾಗುತ್ತದೆ? ಪುಡಿ ಹರಡುತ್ತದೆ. ಚುಕ್ಕಿಗಳು ದೂರ ದೂರ ಇದ್ದರೆ ಆಗಲೂ ಗುರುತು ಸಿಗುತ್ತದೆ. ಒತ್ತೊತ್ತಾಗಿದ್ದರೆ ಯಾವುದು ಯಾವುದೋ ತಿಳಿಯುವುದಿಲ್ಲ. ತಂತಿಯಲ್ಲಿರುವ ಗೊರಗೊರ ಸದ್ದು ಈ ಹನಿಯ ಕೆಲಸವನ್ನೇ ಮಾಡುತ್ತದೆ.

ಬೆಂಗಳೂರಿನವರಿಗೆ ಇದು ಬರೀ ಹೋಲಿಕೆಯಾಗಿರಲಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಫೋನ್ ತಂತಿಗಳ ಜೋಡಣೆಯ ಡಬ್ಬ ಒಂದಿತ್ತು. ಅದರ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಸಂಜೆ ಮಳೆ ಬಂತೆಂದರೆ ಜೋಡಣೆಗೆ ನೀರು ಇಳಿದು ಲೈನ್ ಕರಕರ ಎನ್ನುತ್ತಿತ್ತು. ಮಾತಾಡಲು ಅಡ್ಡಿಯಿಲ್ಲ, ಸ್ವಲ್ಪ ಜೋರಾಗಿ ಮಾತಾಡಿದರೆ ಆಯಿತು. ಆದರೆ ಒಣಗಿದ ದಿನ ಸೆಕೆಂಡಿಗೆ 26,400 ಬಿಟ್ ವೇಗಕ್ಕೆ ಸಿಗುತ್ತಿದ್ದ ಕನೆಕ್ಷನ್ ಅವತ್ತು 14,400ಕ್ಕೆ ಇಳಿಯುತ್ತಿತ್ತು. ಮೋಡೆಮ್‌ಗಳು ತಾವಾಗಿಯೇ ಚುಕ್ಕಿ ಕಡಿಮೆ ಮಾಡಿಕೊಳ್ಳುತ್ತಿದ್ದವು. ದೂರು ಕೊಟ್ಟರೆ ‘ಫೋನ್ ಕೇಳಿಸ್ತಾ ಇದೆಯಲ್ಲ, ಇನ್ನೇನು ತೊಂದರೆ’ ಎಂಬ ಉತ್ತರ ಬರುತ್ತಿತ್ತು. ಆಗ ತುಂಬ ಬೇಜಾರಾಗುತ್ತಿತ್ತು. ಈಗ ಯೋಚಿಸಿದರೆ ಅವರಿಗೂ ಅದು ಮಾತಿನ ತಂತಿಯೇ ಆಗಿತ್ತು.

ಎಷ್ಟು ಚುಕ್ಕಿ ತುಂಬಬಹುದು ಅನ್ನುವುದಕ್ಕೊಂದು ಗಡಿ ಇದೆ. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ಅದರ ಲೆಕ್ಕ ಕೊಟ್ಟರು. ದಾರಿಯ ಅಗಲ ಎಷ್ಟು, ಗದ್ದಲಕ್ಕಿಂತ ನಮ್ಮ ದನಿ ಎಷ್ಟು ಪಟ್ಟು ಬಲವಾಗಿದೆ ಅನ್ನುವುದು ತಿಳಿದರೆ, ತಪ್ಪಿಲ್ಲದೆ ಕಳಿಸಬಹುದಾದ ಅತಿ ಹೆಚ್ಚಿನ ವೇಗ ಸಿಗುತ್ತದೆ. 3100 ಹರ್ಟ್ಸ್ ಅಗಲದ ಲೈನಿನಲ್ಲಿ ದನಿ ಗದ್ದಲದ ಸಾವಿರ ಪಟ್ಟು ಇದ್ದರೆ ಸೆಕೆಂಡಿಗೆ ಸುಮಾರು 31,000 ಬಿಟ್. ಇನ್ನೂ ಸ್ವಚ್ಛವಾದ ಲೈನ್ ಆದರೆ 36,000ದ ಹತ್ತಿರ. 33,600ರ ಮೋಡೆಮ್ ಆ ಗಡಿಯ ಗೋಡೆಗೆ ಮೂಗು ತಾಗಿಸಿಕೊಂಡೇ ನಿಂತಿತ್ತು.

ಈಗ ಆ ಕಿರುಚಾಟಕ್ಕೆ ಬರೋಣ. ಮೋಡೆಮ್ ಮೊದಲು ಫೋನ್ ಎತ್ತಿ ಡಯಲ್ ಟೋನ್ ಕೇಳುತ್ತದೆ. ಆಮೇಲೆ ನಂಬರ್ ಒತ್ತುತ್ತದೆ. ಪ್ರತಿ ಅಂಕಿಗೂ ಎರಡು ಸ್ವರ ಒಟ್ಟಿಗೆ: 5 ಅಂದರೆ 770 ಮತ್ತು 1336 ಹರ್ಟ್ಸ್. ಹಳೇ ಎಕ್ಸ್‌ಚೇಂಜ್ ಆದರೆ ಸ್ವರ ಅರ್ಥವಾಗದು. ಅಲ್ಲಿ ‘ಎಟಿಡಿಪಿ’ ಎಂದು ಹೇಳಿದರೆ ಚಕ್ರ ತಿರುಗಿಸುವ ಫೋನಿನ ಹಾಗೆ ಟಕಟಕ ಎಂದು ಲೈನ್ ಕಡಿದು ಕಡಿದು ಡಯಲ್ ಮಾಡುತ್ತಿತ್ತು.

ಆ ಕಡೆಯ ಮೋಡೆಮ್ ಫೋನ್ ಎತ್ತಿ 2100 ಹರ್ಟ್ಸ್‌ನ ನೀಳವಾದ ‘ಪೀ’ ಹಾಕುತ್ತದೆ. ಇದರಲ್ಲಿ ‘ನಾನು ಮೋಡೆಮ್’ ಎಂಬ ಪರಿಚಯವಿದೆ. ಜೊತೆಗೆ ದಾರಿಯಲ್ಲಿರುವ ಯಂತ್ರಗಳಿಗೂ ಒಂದು ಮಾತಿದೆ. ದೂರದ ಲೈನುಗಳಲ್ಲಿ ನಮ್ಮ ಮಾತೇ ತಿರುಗಿ ಕೇಳಿಸದಂತೆ ಪ್ರತಿಧ್ವನಿ ತಡೆಯುವ ಉಪಕರಣ ಇರುತ್ತದೆ. ಒಬ್ಬರು ಮಾತಾಡುವಾಗ ಅದು ಇನ್ನೊಬ್ಬರ ದಾರಿ ಮುಚ್ಚುತ್ತದೆ. ಮನುಷ್ಯರಿಗೆ ಅದು ಸರಿ. ಮೋಡೆಮ್‌ಗಳು ಎರಡೂ ಒಟ್ಟಿಗೇ ಮಾತಾಡಬೇಕು. ಹಾಗಾಗಿ ಈ ‘ಪೀ’ ಅದಕ್ಕೆ ‘ನೀನು ಸ್ವಲ್ಪ ಸುಮ್ನಿರು’ ಎನ್ನುತ್ತದೆ. ಕಿವಿಗೊಟ್ಟು ಕೇಳಿದರೆ ಅರ್ಧ ಸೆಕೆಂಡಿಗೊಮ್ಮೆ ಅದರಲ್ಲಿ ಸಣ್ಣ ಟಕ್ ಗೊತ್ತಾಗುತ್ತದೆ. ಅಲೆಯನ್ನು ಅಲ್ಲಿ ತಲೆಕೆಳಗು ಮಾಡಿರುತ್ತಾರೆ. ಅದು ಇನ್ನೂ ಹೊಸ ಬಗೆಯ ಪ್ರತಿಧ್ವನಿ ಉಪಕರಣಗಳಿಗೆ ಕೊಡುವ ಸೂಚನೆ.

ಮುಂದೆ ಚಿಲಿಪಿಲಿ ಎಂಬಂಥ ಸದ್ದು. ‘ನನಗೆ ಇಂಥಿಂಥ ವೇಗ ಬರುತ್ತದೆ, ನಿನಗೆ?’ ಎಂದು ಕೇಳಿಕೊಳ್ಳುವುದು. ಇದನ್ನು ಯಾವ ಭಾಷೆಯಲ್ಲಿ ಕೇಳುತ್ತವೆ ಗೊತ್ತೇ? ಬೆಲ್ 103ರ ಬಗೆಯದೇ ಹಳೆಯ 300 ಬಿಟ್‌ನ ಎರಡು ಸ್ವರದ ಭಾಷೆಯಲ್ಲೇ. ಅಪರಿಚಿತರು ಸಿಕ್ಕಾಗ ಇಬ್ಬರಿಗೂ ಖಂಡಿತ ಬರುವ ಮಾತಿನಿಂದಲೇ ತಾನೇ ಶುರುಮಾಡಬೇಕು?

ಆಮೇಲಿನದ್ದು ಒಂದು ಒರಟು ಸದ್ದು, ಹಾರ್ಮೋನಿಯಂನ ಮನೆಗಳನ್ನೆಲ್ಲ ಒಟ್ಟಿಗೆ ಒತ್ತಿದ ಹಾಗೆ. ಅದು ನಿಜಕ್ಕೂ ಹಾಗೇ. 150 ಹರ್ಟ್ಸ್‌ನಿಂದ 3750ರವರೆಗೆ, 150ರ ಅಂತರದಲ್ಲಿ, ನಾಲ್ಕು ಕಡೆ ಬಿಟ್ಟು ಉಳಿದ ಸ್ವರಗಳನ್ನೆಲ್ಲ ಒಮ್ಮೆಗೇ ಬಿಡುತ್ತದೆ. ಆ ಕಡೆಯ ಮೋಡೆಮ್ ಯಾವ ಸ್ವರ ಚೆನ್ನಾಗಿ ತಲುಪಿತು, ಯಾವುದು ಸೊರಗಿತು ಎಂದು ಅಳೆಯುತ್ತದೆ. ಮಳೆಯಲ್ಲಿ ನೆನೆದ ನಮ್ಮ ಬೀದಿಯ ಡಬ್ಬ, ಎಕ್ಸ್‌ಚೇಂಜಿನವರೆಗಿನ ತಂತಿಯ ಉದ್ದ, ಎಲ್ಲವೂ ಈ ಅಳತೆಯಲ್ಲಿ ಬಂದುಬಿಡುತ್ತದೆ. ಕಛೇರಿಗೆ ಮೊದಲು ತಂಬೂರಿಯ ತಂತಿ ಮೀಟಿ ನೋಡಿದಂತೆ, ಪ್ರತಿ ಸಲ ಫೋನ್ ಮಾಡಿದಾಗಲೂ ಮೋಡೆಮ್ ಆ ಹೊತ್ತಿನ ಲೈನನ್ನು ಹೊಸದಾಗಿ ಅಳೆಯುತ್ತಿತ್ತು.

ಕೊನೆಗೆ ‘ಸೋ’ ಎಂಬ ಬುಸುಗುಟ್ಟುವಿಕೆ. ಇದು ತರಬೇತಿ. ಒಬ್ಬರು ಇಬ್ಬರಿಗೂ ಗೊತ್ತಿರುವ ಬಿಟ್‌ಗಳನ್ನು ಕಳಿಸುತ್ತಾರೆ. ಬಂದದ್ದಕ್ಕೂ ಬರಬೇಕಾಗಿದ್ದಕ್ಕೂ ಇರುವ ವ್ಯತ್ಯಾಸ ನೋಡಿ ಇನ್ನೊಬ್ಬರು ತಮ್ಮ ಕಿವಿಯನ್ನು ತಿದ್ದಿಕೊಳ್ಳುತ್ತಾರೆ. ಪ್ರತಿಧ್ವನಿಯನ್ನೂ ಈಗಲೇ ಕಲಿಯುತ್ತಾರೆ. ಎರಡೇ ತಂತಿಯಲ್ಲಿ ಎರಡೂ ಕಡೆಯ ದನಿ ಹರಿಯುವುದರಿಂದ ಮೋಡೆಮ್‌ಗೆ ತನ್ನ ದನಿಯೇ ಜೋರಾಗಿ ವಾಪಸ್ ಕೇಳಿಸುತ್ತದೆ. ಅದು ಹೇಗೆ ಕೇಳಿಸುತ್ತದೆ ಎಂದು ಮೊದಲೇ ಕಲಿತುಕೊಂಡು, ಬಂದದ್ದರಿಂದ ಕಳೆದರೆ, ಉಳಿಯುವುದು ಆ ಕಡೆಯವರ ಮಾತು. ಸಂತೆಯಲ್ಲಿ ಕೂಗಿಕೊಂಡೇ ಗಿರಾಕಿಯ ಮಾತು ಕೇಳಿಸಿಕೊಳ್ಳುವ ವ್ಯಾಪಾರಿಯ ಕಿವಿ ಅದು. ಬಿಟ್‌ಗಳನ್ನು ಚೆನ್ನಾಗಿ ಕಲಸಿ ಕಳಿಸುವುದರಿಂದ ಯಾವ ಸ್ವರವೂ ಎದ್ದು ಕೇಳದೆ ಮಳೆಯ ಸದ್ದಿನ ಹಾಗೆ ಕೇಳುತ್ತದೆ. ಇಷ್ಟಾದ ಮೇಲೆ ಮೋಡೆಮ್ ತನ್ನ ಸ್ಪೀಕರ್ ಆಫ್ ಮಾಡುತ್ತದೆ. ತಂತಿಯೊಳಗೆ ಆ ‘ಸೋ’ ನಡೆಯುತ್ತಲೇ ಇರುತ್ತದೆ.

ಸ್ಪೀಕರ್ ಯಾಕಾದರೂ ಇಟ್ಟರು ಅಂದರೆ, ಲೈನ್ ಬ್ಯುಸಿ ಇದೆಯಾ, ತಪ್ಪು ನಂಬರಿಗೆ ಹೋಯಿತಾ, ಯಾರೋ ನಿದ್ದೆಗಣ್ಣಲ್ಲಿ ‘ಹಲೋ’ ಅಂದರಾ ಎಂದು ನಮಗೆ ತಿಳಿಯಲಿ ಅಂತ.

ಅಮ್ಮ ಹಾಲ್‌ನಲ್ಲಿ ಫೋನ್ ಎತ್ತಿದ ತಕ್ಷಣ ಕನೆಕ್ಷನ್ ಯಾಕೆ ಕಡಿಯುತ್ತಿತ್ತು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಇನ್ನೊಂದು ಫೋನ್ ಲೈನಿಗೆ ಸೇರಿದ ಕೂಡಲೇ ತಂತಿಯ ವಿದ್ಯುತ್ ಗುಣವೇ ಬದಲಾಗುತ್ತದೆ. ಪ್ರತಿಧ್ವನಿ ಬೇರೆಯಾಗುತ್ತದೆ. ಇಪ್ಪತ್ತು ಸೆಕೆಂಡ್ ಕಷ್ಟಪಟ್ಟು ಕಲಿತದ್ದೆಲ್ಲ ಒಂದೇ ಕ್ಷಣದಲ್ಲಿ ತಪ್ಪಾಗುತ್ತದೆ. ಮತ್ತೆ ತರಬೇತಿಗೆ ಪ್ರಯತ್ನ ಮಾಡಿ, ಆಗದೇ ಹೋದರೆ ‘ನೋ ಕ್ಯಾರಿಯರ್’ ಎಂದು ಬರೆದು ಫೋನ್ ಇಟ್ಟುಬಿಡುತ್ತಿತ್ತು.

ಇಷ್ಟೆಲ್ಲ ಮಾಡಿದರೂ ನಡುವೆ ಒಂದೊಂದು ಬಿಟ್ ಕೆಡುವುದು ಇದ್ದೇ ಇದೆ. ಅದಕ್ಕೆ ಮೋಡೆಮ್ ಮಾಹಿತಿಯನ್ನು ಕಂತೆ ಕಂತೆ ಮಾಡಿ, ಪ್ರತಿ ಕಂತೆಯ ಕೊನೆಗೆ ಅದರ ಲೆಕ್ಕವೊಂದನ್ನು ಸೇರಿಸಿ ಕಳಿಸುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಆ ಕಂತೆಯನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತಾರೆ. ನಾನು ಗೆಳೆಯನಿಗೆ ಕಳಿಸಿದ ಮೊದಲ ಫೋಟೊ 200 ಕಿಲೋಬೈಟ್. ಒಂದು ನಿಮಿಷದ ಮೇಲೆ ಸ್ವಲ್ಪ ಹಿಡಿಯಿತು. ಒಂದು ಚುಕ್ಕಿಯೂ ಹಾಳಾಗದೆ ತಲುಪಿತ್ತು.

ಎರಡು ವರ್ಷ ಬಿಟ್ಟು ಇಬ್ಬರೂ ಎಸ್.ಪಿ. ರೋಡಿಗೆ ಹೋಗಿ 56 ಕೆ, ಅಂದರೆ ಸೆಕೆಂಡಿಗೆ 56,000 ಬಿಟ್ ವೇಗದ ಮೋಡೆಮ್ ತಂದೆವು. ಮನೆಗೆ ಬಂದು ಒಬ್ಬರಿಗೊಬ್ಬರು ಡಯಲ್ ಮಾಡಿದರೆ ಬಂದದ್ದು 31,200. ಮೋಡೆಮ್ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ವಾಪಸ್ ಹೋದೆವು. ಕೆಟ್ಟಿರಲಿಲ್ಲ. ಶಾನನ್ ಗೋಡೆ ಅಲ್ಲೇ ಇತ್ತು. ಆದರೆ ಅದೇ ಮೋಡೆಮ್ ಇಂಟರ್ನೆಟ್ ಕಂಪನಿಯ ನಂಬರಿಗೆ ಮಾತ್ರ 45,000ದ ಮೇಲೆ ಸಿಗುತ್ತಿತ್ತು. ಇದು ಹೇಗೆ?

ಅಷ್ಟು ಹೊತ್ತಿಗೆ ಎಕ್ಸ್‌ಚೇಂಜ್‌ಗಳು ಡಿಜಿಟಲ್ ಆಗಿದ್ದವು. ನಮ್ಮದೇ ಸರ್ಕಾರದ ದೂರವಾಣಿ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದು ಮಾಡಿದ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಡಿಜಿಟಲ್ ಎಕ್ಸ್‌ಚೇಂಜ್ ನಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ನಲ್ಲಿ ಬರೆದಿಡುತ್ತದೆ. ಒಟ್ಟು 64,000 ಬಿಟ್. ಅಳೆಯುವಾಗ ಹತ್ತಿರದ ಅಂಕಿಗೆ ಸರಿಹೊಂದಿಸಲೇಬೇಕು. ಸೊಪ್ಪಿನವಳು ಚಿಲ್ಲರೆ ಬಿಟ್ಟು ರೂಪಾಯಿ ಲೆಕ್ಕ ಮಾಡಿದ ಹಾಗೆ. ಆ ಬಿಟ್ಟ ಚಿಲ್ಲರೆಯೇ ಲೈನಿನಲ್ಲಿ ಗದ್ದಲವಾಗಿ ಕೂರುತ್ತದೆ. ನನ್ನ ಮನೆಯಿಂದ ಗೆಳೆಯನ ಮನೆಗೆ ಹೋಗುವ ದನಿ ಈ ಅಳತೆಗೆ ಸಿಕ್ಕೇ ಸಿಗುತ್ತದೆ.

ಇಂಟರ್ನೆಟ್ ಕಂಪನಿಯ ಕಥೆ ಬೇರೆ. ಅವರು ಎಕ್ಸ್‌ಚೇಂಜಿಗೆ ನೇರವಾಗಿ ಡಿಜಿಟಲ್ ಲೈನ್ ಹಾಕಿಸಿಕೊಂಡಿರುತ್ತಾರೆ. ಅವರು ಕಳಿಸುವುದು ಮೊದಲೇ ಅಂಕಿ. ಅಳೆಯುವುದೇ ಇಲ್ಲ, ಚಿಲ್ಲರೆಯೂ ಕಳೆಯುವುದಿಲ್ಲ. ಆ ಅಂಕಿಗಳು ನಮ್ಮ ಎಕ್ಸ್‌ಚೇಂಜಿನವರೆಗೆ ಹಾಗೇ ಬಂದು, ಕೊನೆಯ ತಂತಿಯಲ್ಲಿ ಮಾತ್ರ ದನಿಯಾಗುತ್ತವೆ. ಗದ್ದಲ ಕಡಿಮೆಯಾದರೆ ಗೋಡೆ ತಾನೇ ಹಿಂದೆ ಸರಿಯುತ್ತದೆ. ಆದರೆ ಇದು ಒಮ್ಮುಖದ ಲಾಭ. ನಾವು ಕಳಿಸುವುದು ಎಕ್ಸ್‌ಚೇಂಜಿನಲ್ಲಿ ಅಳತೆಗೆ ಒಳಗಾಗಲೇಬೇಕು, ಹಾಗಾಗಿ 1998ರ 56 ಕೆ ನಿಯಮದಲ್ಲಿ ಮೇಲಕ್ಕೆ ಹೋಗುವ ವೇಗ 33,600ಕ್ಕೇ ನಿಂತಿತು. ಎರಡು ಮನೆಗಳ ನಡುವೆ 56 ಕೆ ಸಿಗದಿದ್ದಕ್ಕೆ ಕಾರಣ ಇದು. ಅಂಗಡಿಯವರಿಗೂ ಆಗ ಇದು ಗೊತ್ತಿರಲಿಲ್ಲ.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ನಮ್ಮ ಮನೆಗೆ ಹೊಸ ತಂತಿ ಎಳೆಯಲಿಲ್ಲ. ಹಳೆಯ ತಾಮ್ರದ ಜೋಡಿಯೇ. 3400 ಹರ್ಟ್ಸ್‌ನ ಆಚೆ ಸೋಸಿ ಬಿಸಾಡುತ್ತಿದ್ದ ಜಾಗವನ್ನು ಬಳಸಿದರು, ಅಷ್ಟೇ. ಮೇಲಿನ ಆ ಜಾಗವನ್ನು ನೂರಾರು ಸಣ್ಣ ಓಣಿಗಳಾಗಿ ಕತ್ತರಿಸಿ, ಒಂದೊಂದು ಓಣಿಗೂ ಒಂದೊಂದು ಚುಕ್ಕಿ ರಂಗೋಲಿ. ಕೆಳಗೆ ಮಾತು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಅಮ್ಮ ಫೋನ್ ಎತ್ತಿದರೆ ಏನೂ ಆಗುತ್ತಿರಲಿಲ್ಲ. ಈಗಿನ ವೈಫೈ 6ರಲ್ಲಿ ಒಂದು ರಂಗೋಲಿಗೆ 1024 ಚುಕ್ಕಿ, ಗಾಳಿಯಲ್ಲೇ.

ಆ ಹಳೇ ಮಾತನ್ನು ಇವತ್ತೂ ಕೇಳಬಹುದು. ಫ್ಯಾಕ್ಸ್ ಯಂತ್ರ ಇನ್ನೂ ಇಟ್ಟುಕೊಂಡಿರುವ ಪರಿಚಯದವರ ಕಚೇರಿ ಇದ್ದರೆ, ಅವರನ್ನು ಕೇಳಿ ಅದರ ನಂಬರಿಗೆ ನಿಮ್ಮ ಮೊಬೈಲಿನಿಂದ ಫೋನ್ ಮಾಡಿ. ಮೊದಲು ಬರುವ ನೀಳ ‘ಪೀ’ 2100 ಹರ್ಟ್ಸ್‌ನದು. ಅದು ನಿಂತ ಮೇಲೆ ಬರುವ ಗುರ್ ಗುರ್ ಎಂಬ ಸದ್ದು 300 ಬಿಟ್‌ನ ಎರಡು ಸ್ವರದ ಭಾಷೆ. ‘ನನಗೆ ಇಷ್ಟು ಬರುತ್ತದೆ, ನಿನಗೆ?’ ಎಂದು ಅದು ನಿಮ್ಮನ್ನು ಕೇಳುತ್ತಿರುತ್ತದೆ.